ರೇಸ್ ಕೊಟ್ಟರೆ ಮುಗ್ಗರಿಸುವ ಗಾಡಿ

ಕಿಬ್ಬನಹಳ್ಳಿ ಕ್ರಾಸಿನಲ್ಲಿ ಬಿ.ಎಚ್. ರಸ್ತೆ ಹತ್ತುವ ಹಳೆಯ ಗಾಡಿಗೆ ಸಿಗುವ ಸಮಯ ಕೆಲವೇ ಸೆಕೆಂಡು. ಒಂದು ಕಡೆಯಿಂದ ತುಮಕೂರಿನ ಬಸ್ಸು, ಇನ್ನೊಂದು ಕಡೆಯಿಂದ ಅರಸೀಕೆರೆಯ ಲಾರಿ. ನಡುವೆ ಸಿಕ್ಕ ಬಿಡುವಿನಲ್ಲಿ ಚಾಲಕ ಕ್ಲಚ್ ಬಿಟ್ಟು ಆಕ್ಸಿಲೇಟರ್ ಒತ್ತುತ್ತಾನೆ. ಗಾಡಿ ಮುಂದಕ್ಕೆ ನುಗ್ಗುವ ಬದಲು ಗಕ್ಕನೆ ತಡೆಯುತ್ತದೆ, ಒಮ್ಮೆ ಜಗ್ಗುತ್ತದೆ, ಆಮೇಲೆ ನಿಧಾನಕ್ಕೆ ಎಳೆಯತೊಡಗುತ್ತದೆ. ಊರೊಳಗಾದರೆ ಈ ತಡೆ ಬರೀ ಕಿರಿಕಿರಿ. ಹೆದ್ದಾರಿಯ ಮೇಲೆ ಅದು ಜೀವಕ್ಕೇ ಸಂಚಕಾರ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೆಂಗಿನ ಸೀಮೆಯಲ್ಲಿ ಹಳೆಯ ಗಾಡಿ ಶೋಕಿಗಾಗಿ ಉಳಿದುಕೊಂಡದ್ದಲ್ಲ. ಸಂಪಿಗೆ, ನೊಣವಿನಕೆರೆ, ದಂಡಿನಶಿವರ, ಶೆಟ್ಟಿಕೆರೆ, ಹಂದನಕೆರೆ ಯಾವ ಕಡೆ ಹೋದರೂ ತೋಟದ ಮನೆಯ ಮುಂದೆ ಕೆಎ 06 ಅಥವಾ ಕೆಎ 44 ಫಲಕದ ಒಂದು ಮಹೀಂದ್ರ ಜೀಪು, ಮಾರುತಿ ಓಮ್ನಿ, ಟಾಟಾ 407 ಅಥವಾ ಮೂಟೆ ಹೊತ್ತು ಹೊತ್ತು ಸೀಟು ಸವೆದ ಟಿವಿಎಸ್ ಎಕ್ಸೆಲ್ ನಿಂತಿರುತ್ತದೆ. ಇಲ್ಲಿನ ಬೇಸಾಯದ ಲಯವೇ ಈ ಗಾಡಿಗಳ ಲಯ. ಉಂಡೆ ಕೊಬ್ಬರಿಯಾಗಲು ತೆಂಗಿನಕಾಯಿ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಕೂರಬೇಕು. ಅಷ್ಟು ದಿನ ಗಾಡಿಗೆ ಹಾಲಿನ ಡೇರಿ, ಶಾಲೆ, ಸಂತೆಯ ಪುಟ್ಟ ಓಡಾಟಗಳಷ್ಟೇ. ಕೆಲವು ಗಾಡಿಗಳು ವಾರಗಟ್ಟಲೆ ಕದಲುವುದೇ ಇಲ್ಲ. ಕೊಬ್ಬರಿ ಸುಲಿದ ದಿನ ಅದೇ ಗಾಡಿಯ ಮೇಲೆ ಮೂಟೆಗಳನ್ನು ಹೇರಿ ತಿಪಟೂರಿನ ಎಪಿಎಂಸಿ ಕಡೆ ಓಡಿಸುತ್ತಾರೆ. ಬಹುಕಾಲ ನಿಂತಿರುವುದು, ಓಡಿದರೆ ಚಿಕ್ಕ ದೂರ, ಆಮೇಲೆ ಒಮ್ಮೆಲೇ ಭಾರ, ಸಾಲದ್ದಕ್ಕೆ ದೂಳು. ಆಕ್ಸಿಲೇಟರ್ ಒತ್ತಿದಾಗ ಮುಗ್ಗರಿಸುವ ರೋಗಕ್ಕೆ ಇದಕ್ಕಿಂತ ಅನುಕೂಲದ ಜೀವನಕ್ರಮ ಬೇರೆ ಬೇಕಿಲ್ಲ.

ರೋಗದ ಹೆಸರು ಒಂದೇ, ಕಾರಣಗಳು ಇಪ್ಪತ್ತಕ್ಕೂ ಹೆಚ್ಚು. ಗ್ಯಾರೇಜಿನಲ್ಲಿ ಹಣ ಪೋಲಾಗುವುದು ಇಲ್ಲಿಯೇ. "ಪಿಕಪ್ಪೇ ಇಲ್ಲ ಕಣಣ್ಣ" ಎಂದರೆ ಒಬ್ಬರು ಪ್ಲಗ್ ಹಾಕುತ್ತಾರೆ, ಇನ್ನೊಬ್ಬರು ಕಾರ್ಬೊರೇಟರ್ ಬಿಚ್ಚುತ್ತಾರೆ, ಮತ್ತೊಬ್ಬರು ಪೆಟ್ರೋಲ್ ಪಂಪ್ ಬದಲಿಸುತ್ತಾರೆ. ಗಾಡಿ ಅದೇ ಜಾಗದಲ್ಲಿ ತಡೆಯುತ್ತಲೇ ಇರುತ್ತದೆ. ಕೈಯಲ್ಲಿ ಸ್ಪಾನರ್ ಹಿಡಿಯುವ ಮೊದಲು ಒಳ್ಳೆಯ ಮೇಸ್ತ್ರಿ ಕೇಳುವುದು "ಯಾವಾಗ?" ಎಂದು. ಬೆಳಿಗ್ಗೆ ತಣ್ಣಗಿದ್ದಾಗಲೋ, ಬಿಸಿಯಾದ ಮೇಲೋ? ಆಕ್ಸಿಲೇಟರ್ ಮುಟ್ಟಿದ ಕೂಡಲೋ, ಅರ್ಧ ಒತ್ತಿದಾಗಲೋ, ಪೂರ್ತಿ ತುಳಿದಾಗಲೋ? ಬರಿಗಾಡಿಯಲ್ಲೂ ಇದೆಯೋ, ಮೂಟೆ ಹೇರಿದಾಗ ಮಾತ್ರವೋ? ಟ್ಯಾಂಕ್ ತುಂಬಿದ್ದಾಗಲೋ, ತಳ ಮುಟ್ಟಿದಾಗಲೋ? ಈ ನಾಲ್ಕು ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕರೆ ಅರ್ಧ ರೋಗ ಸಿಕ್ಕ ಹಾಗೆ. ಇದಕ್ಕೆ ಕಾಸು ಖರ್ಚಿಲ್ಲ. ಗಾಡಿಯ ಯಜಮಾನ ಎರಡು ದಿನ ಗಮನವಿಟ್ಟು ಓಡಿಸಿದರೆ ಸಾಕು.

ತಡೆಯುತ್ತಿರುವುದು ಎಂಜಿನ್ನೋ ಗಾಡಿಯೋ ಎಂಬುದನ್ನು ಎಲ್ಲಕ್ಕೂ ಮೊದಲು ಬೇರ್ಪಡಿಸಿಕೊಳ್ಳಬೇಕು. ಎಂಜಿನ್ನಿನ ಸದ್ದು ಏರುತ್ತಾ ಹೋಗಿ ಗಾಡಿಯ ವೇಗ ಏರದಿದ್ದರೆ ಕ್ಲಚ್ ಪ್ಲೇಟ್ ಜಾರುತ್ತಿದೆ. ಅದಕ್ಕೆ ಕಾರ್ಬೊರೇಟರ್ ಬಿಚ್ಚಿ ಏನೂ ಪ್ರಯೋಜನವಿಲ್ಲ. ಹತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿ ಚಕ್ರದ ಡ್ರಮ್ಮಿನ ಹತ್ತಿರ ಕೈ ಹಿಡಿದಾಗ ಒಂದು ಚಕ್ರ ಮಾತ್ರ ಕಾವು ಹೊಡೆಯುತ್ತಿದ್ದರೆ ಬ್ರೇಕ್ ಹಿಡಿದುಕೊಂಡಿದೆ. ಸದ್ದೇ ಕುಗ್ಗಿ, ಎಂಜಿನ್ನೇ ಉಸಿರು ಕಟ್ಟಿ ತಡೆಯುತ್ತಿದ್ದರೆ ಮಾತ್ರ ಬಾನೆಟ್ ತೆರೆಯುವ ಕೆಲಸ.

ಪೆಟ್ರೋಲ್ ಎಂಜಿನ್ನಿನಲ್ಲಿ ಆಕ್ಸಿಲೇಟರ್ ಒತ್ತಿದ ಆ ಕ್ಷಣದಲ್ಲಿ ಏನಾಗುತ್ತದೆ ಎಂಬುದು ಇಡೀ ವಿಷಯದ ಬೇರು. ಆಕ್ಸಿಲೇಟರ್ ನೇರವಾಗಿ ಪೆಟ್ರೋಲನ್ನು ಹೆಚ್ಚಿಸುವುದಿಲ್ಲ, ಗಾಳಿಯ ಬಾಗಿಲನ್ನು ತೆರೆಯುತ್ತದೆ. ಗಾಳಿ ಹಗುರ, ತೆರೆದ ಕೂಡಲೇ ನುಗ್ಗುತ್ತದೆ. ಪೆಟ್ರೋಲ್ ಭಾರ, ಜೆಟ್ಟಿನ ಸಣ್ಣ ತೂತಿನಿಂದ ಎದ್ದು ಬರಲು ಅದಕ್ಕೆ ಒಂದಿಷ್ಟು ಹೊತ್ತು ಬೇಕು. ಇದರ ಮೇಲೆ ಇನ್ನೊಂದು ತೊಡಕು: ಬಾಗಿಲು ತೆರೆದಾಗ ಮ್ಯಾನಿಫೋಲ್ಡಿನೊಳಗಿನ ಒತ್ತಡ ಏರಿ, ಆವಿಯಾಗಿ ಹೋಗಬೇಕಿದ್ದ ಪೆಟ್ರೋಲಿನಲ್ಲಿ ಒಂದು ಪಾಲು ಕೊಳವೆಯ ಗೋಡೆಗೇ ತೇವವಾಗಿ ಅಂಟಿಕೊಳ್ಳುತ್ತದೆ. ಜೋಡಿ ಎತ್ತಿನಲ್ಲಿ ಒಂದು ನೊಗ ಎಳೆದು ಮುಂದಡಿಯಿಟ್ಟು, ಇನ್ನೊಂದು ಹಿಂದೆಯೇ ನಿಂತರೆ ಬಂಡಿ ಹೇಗೆ ಓರೆಯಾಗಿ ಜಗ್ಗುತ್ತದೋ ಹಾಗೆ ಎಂಜಿನ್ ಜಗ್ಗುತ್ತದೆ. ಒಂದು ಪಾಲು ಪೆಟ್ರೋಲ್ ಪೂರ್ತಿ ಉರಿಯಲು ತೂಕದ ಲೆಕ್ಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಬಾಗಿಲು ತೆರೆದ ಕ್ಷಣದಲ್ಲಿ ಗಾಳಿ ಇದಕ್ಕಿಂತ ಬಹಳ ಹೆಚ್ಚಾಗಿ, ಮಿಶ್ರಣ ತೆಳುವಾಗಿ, ಕಿಡಿ ಬಿದ್ದರೂ ಉರಿ ಸರಿಯಾಗಿ ಹಬ್ಬುವುದಿಲ್ಲ.

ಕಾರ್ಬೊರೇಟರ್ ಮಾಡಿದವರಿಗೆ ಇದು ಗೊತ್ತಿತ್ತು. ಅದಕ್ಕಾಗಿಯೇ ಕಾರುಗಳ ಕಾರ್ಬೊರೇಟರಿನಲ್ಲಿ ಆಕ್ಸಿಲರೇಟರ್ ಪಂಪ್ ಎಂಬ ಚಿಕ್ಕ ಅಂಗ ಇಟ್ಟರು. ಪೆಡಲ್ ತುಳಿದಾಗ ಅದರ ರಬ್ಬರ್ ಡಯಾಫ್ರಂ ಅಮುಕಿ ಗಾಳಿಯ ದಾರಿಗೆ ಒಂದು ಪಿಚಕಾರಿ ಪೆಟ್ರೋಲ್ ಚಿಮ್ಮಿಸುತ್ತದೆ. ಹಿಂದೆ ಬಿದ್ದ ಪೆಟ್ರೋಲಿನ ಕೊರತೆಯನ್ನು ಆ ಚಿಮ್ಮು ತುಂಬಿಕೊಡುತ್ತದೆ. 1983ರಲ್ಲಿ ಬಂದ ಮಾರುತಿ 800, ಮರುವರ್ಷ ಬಂದ ಮಾರುತಿ ವ್ಯಾನ್, ಎರಡರ ಕಾರ್ಬೊರೇಟರ್ ಮಾದರಿಗಳಲ್ಲೂ ಆಕ್ಸಿಲೇಟರ್ ಮುಟ್ಟಿದ ಕೂಡಲೇ ತಡೆದು, ಒಂದು ಗಳಿಗೆ ಕಳೆದು ಸರಿಯಾಗುವ ಕಾಯಿಲೆಗೆ ನಾನು ಮೊದಲು ಅನುಮಾನಿಸುವುದು ಈ ಡಯಾಫ್ರಮ್ಮನ್ನೇ. ವರ್ಷಗಟ್ಟಲೆ ಪೆಟ್ರೋಲಿನಲ್ಲಿ ನೆನೆದು ಒಣಗಿ ಅದು ಗಡುಸಾಗುತ್ತದೆ, ಸೀಳುತ್ತದೆ. ಪರೀಕ್ಷೆ ಸುಲಭ: ಎಂಜಿನ್ ಆಫ್ ಮಾಡಿ, ಏರ್ ಫಿಲ್ಟರ್ ತೆಗೆದು, ಕಾರ್ಬೊರೇಟರಿನ ಬಾಯೊಳಗೆ ಬೆಳಕು ಬಿಟ್ಟು ನೋಡುತ್ತಾ ಆಕ್ಸಿಲೇಟರ್ ಕೇಬಲ್ಲಿನ ತುದಿಯನ್ನು ಕೈಯಿಂದ ಚುರುಕಾಗಿ ಎಳೆಯಬೇಕು. ಎಳೆದ ಕೂಡಲೇ ಎಳೆಯಂಥ ಪೆಟ್ರೋಲ್ ಧಾರೆ ಚಿಮ್ಮಬೇಕು. ತಡವಾಗಿ ತೊಟ್ಟಿಕ್ಕಿದರೆ ಅಥವಾ ಏನೂ ಬಾರದಿದ್ದರೆ ರೋಗ ಸಿಕ್ಕಿತು. ಕಾರ್ಬೊರೇಟರ್ ರಿಪೇರಿ ಕಿಟ್ಟಿನ ಬೆಲೆ ಹೊಸ ಕಾರ್ಬೊರೇಟರಿಗೆ ಹೋಲಿಸಿದರೆ ಏನೂ ಅಲ್ಲ. ಈ ಕೆಲಸದ ಹತ್ತಿರ ಬೀಡಿ, ಬೆಂಕಿ ಸುಳಿಯಬಾರದು, ಎಂಜಿನ್ ಕಾದಿರಲೂಬಾರದು.

ಪಂಪ್ ಸರಿಯಿದ್ದೂ ತಡೆಯುತ್ತಿದ್ದರೆ ಕಳ್ಳಗಾಳಿ ಹುಡುಕಬೇಕು. ಕಾರ್ಬೊರೇಟರಿನ ಬುಡದ ಪ್ಯಾಕಿಂಗ್ ಸೀಳಿದ್ದರೆ, ವ್ಯಾಕ್ಯೂಮ್ ಪೈಪ್ ಬಿರಿದಿದ್ದರೆ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಸೇರುತ್ತದೆ. ಎಂಜಿನ್ ಐಡ್ಲಿಂಗಿನಲ್ಲಿದ್ದಾಗ ಕಿವಿಗೊಟ್ಟರೆ ಸಣ್ಣಗೆ ಸುಯ್ಯೆನ್ನುವ ಸದ್ದು ಕೇಳುತ್ತದೆ. ತೆಂಗಿನ ಸೀಮೆಯಲ್ಲಿ ಇದಕ್ಕೆ ಇನ್ನೊಂದು ಕಾರಣ ಇಲಿ. ಕೊಬ್ಬರಿ ಇರುವಲ್ಲಿ ಇಲಿ ಇದ್ದೇ ಇರುತ್ತದೆ. ಕೊಬ್ಬರಿ ಕೋಣೆಗೆ ಒತ್ತಿಕೊಂಡ ಕೊಟ್ಟಿಗೆಯಲ್ಲಿ ವಾರಗಟ್ಟಲೆ ನಿಂತ ಗಾಡಿಯ ರಬ್ಬರ್ ಪೈಪು, ವೈರುಗಳ ಮೇಲೆ ಹಲ್ಲಿನ ಗುರುತು ಇದೆಯೇ ಎಂದು ನೋಡುವುದು ಇಲ್ಲಿನ ತಪಾಸಣೆಯ ಮೊದಲ ಸಾಲಿನಲ್ಲೇ ಬರಬೇಕು.

ಬೈಕುಗಳ ವಿಚಾರದಲ್ಲಿ "ಯಾವಾಗ" ಎಂಬ ಪ್ರಶ್ನೆಗೆ ಇನ್ನೂ ನಿಖರವಾದ ಉತ್ತರವಿದೆ. 1994ರಿಂದ ಊರೂರು ತುಂಬಿದ ಹೀರೋ ಹೋಂಡಾ ಸ್ಪ್ಲೆಂಡರ್ ಆಗಲಿ, ಅದಕ್ಕೂ ಹಿಂದಿನ ಯಮಹಾ ಆರ್‌ಎಕ್ಸ್ 100 ಆಗಲಿ, ಅವುಗಳ ಕಾರ್ಬೊರೇಟರಿನಲ್ಲಿ ಆಕ್ಸಿಲೇಟರ್ ತಿರುಗಿಸಿದಂತೆ ಒಂದು ಸ್ಲೈಡ್ ಮೇಲೇರುತ್ತದೆ. ಎಂಟನೇ ಒಂದು ಪಾಲು ತಿರುಗಿಸುವವರೆಗೆ ಪೆಟ್ರೋಲ್ ಕೊಡುವುದು ಪೈಲಟ್ ಜೆಟ್. ಕಾಲು ಭಾಗದಿಂದ ಮುಕ್ಕಾಲು ಭಾಗದವರೆಗೆ ಸ್ಲೈಡಿಗೆ ತೂಗುಬಿದ್ದ ಸೂಜಿಯ ಕಾರುಬಾರು. ಪೂರ್ತಿ ತಿರುಗಿಸಿದಾಗ ಮೇನ್ ಜೆಟ್. ಆದ್ದರಿಂದ ಆಕ್ಸಿಲೇಟರ್ ಹಿಡಿಯ ಮೇಲೆ ಬಿಳಿ ಟೇಪಿನ ತುಂಡು ಅಂಟಿಸಿ ಗುರುತು ಹಾಕಿಕೊಂಡು, ಎಷ್ಟು ತಿರುಗಿಸಿದಾಗ ಮುಗ್ಗರಿಸುತ್ತದೆ ಎಂದು ನೋಡಿದರೆ ಯಾವ ದಾರಿ ಕಟ್ಟಿದೆ ಎಂದು ಬಿಚ್ಚುವ ಮುಂಚೆಯೇ ಹೇಳಬಹುದು. ಚೋಕ್ ಕೂಡ ಒಂದು ಸಾಕ್ಷಿ. ಮುಗ್ಗರಿಸುವಾಗ ಚೋಕ್ ಸ್ವಲ್ಪ ಎಳೆದು ನೋಡಿ: ಗಾಡಿ ಚೇತರಿಸಿಕೊಂಡರೆ ಪೆಟ್ರೋಲ್ ಸಾಲುತ್ತಿಲ್ಲ, ಇನ್ನಷ್ಟು ಕೆಟ್ಟರೆ ಪೆಟ್ರೋಲ್ ಹೆಚ್ಚಾಗಿದೆ ಅಥವಾ ಗಾಳಿ ಕಡಿಮೆಯಾಗಿದೆ. ಕಟ್ಟಿದ ಜೆಟ್ಟಿಗೆ ಉಕ್ಕಿನ ತಂತಿ, ಸೂಜಿ ತೂರಿಸಬಾರದು. ಹಿತ್ತಾಳೆಯ ಆ ತೂತು ಕೂದಲೆಳೆಯಷ್ಟು ಅಗಲವಾದರೂ ಲೆಕ್ಕ ತಪ್ಪುತ್ತದೆ. ಪೆಟ್ರೋಲಿನಲ್ಲಿ ನೆನೆಸಿ, ಗಾಳಿ ಹೊಡೆದು ಬಿಡಿಸಬೇಕು.

ಎರಡು ಸ್ಟ್ರೋಕಿನ ಎಂಜಿನ್ನುಗಳಿಗೆ ಇನ್ನೊಂದು ಸ್ವಂತ ಕಾಯಿಲೆಯಿದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ನಿಂತರೂ ಯೆಜ್ಡಿಗಳು ಇನ್ನೂ ಓಡುತ್ತಿವೆ. 1980ರಲ್ಲಿ ಬಂದ ಟಿವಿಎಸ್ 50ರ ಸಂತತಿಯಂತೂ ತೋಟದ ಬದುವಿನ ಮೇಲೆ ಈಗಲೂ ಹುಲ್ಲಿನ ಹೊರೆ ಹೊರುತ್ತಿದೆ. ಪೆಟ್ರೋಲ್ ಜೊತೆ ಆಯಿಲ್ ಉರಿಯುವ ಈ ಗಾಡಿಗಳಲ್ಲಿ ಸೈಲೆನ್ಸರಿನೊಳಗೆ, ಎಕ್ಸಾಸ್ಟ್ ಬಾಯಲ್ಲಿ ಕರಿ ಕಟ್ಟುತ್ತದೆ. ಹೊಗೆ ಹೊರಹೋಗದೆ ಹೊಸ ಗಾಳಿ ಒಳಬರಲಾರದು. ಕಾರ್ಬೊರೇಟರ್ ಎಷ್ಟು ತೊಳೆದರೂ ಎಳೆತ ಬಾರದಿದ್ದರೆ ಸೈಲೆನ್ಸರ್ ಬಿಚ್ಚಿ ಕರಿ ತೆಗೆಯಬೇಕು.

ಹಳೆಯ ಪೆಟ್ರೋಲ್ ಗಾಡಿಗಳು ಮುಗ್ಗರಿಸಲು ನಾವೇ ಮಾಡಿಟ್ಟ ಕಾರಣವೊಂದಿದೆ: ಮೈಲೇಜಿನ ಆಸೆ. "ಪೆಟ್ರೋಲ್ ಕಮ್ಮಿ ಕುಡಿಯೋ ಹಾಗೆ ಮಾಡಣ್ಣ" ಎಂದು ಕೇಳಿದರೆ ಮೆಕ್ಯಾನಿಕ್ ಸ್ಕ್ರೂ ತಿರುಗಿಸಿ ಮಿಶ್ರಣ ತೆಳು ಮಾಡುತ್ತಾನೆ, ಕೆಲವೊಮ್ಮೆ ಚಿಕ್ಕ ಜೆಟ್ ಹಾಕುತ್ತಾನೆ. ಎಮಿಷನ್ ಟೆಸ್ಟಿನಲ್ಲಿ ಪಾಸಾಗಲೆಂದು ತಿರುಗಿಸಿದ ಸ್ಕ್ರೂವನ್ನು ಹಾಗೇ ಬಿಡುವುದೂ ಉಂಟು. ಮೊದಲೇ ಬಾಗಿಲು ತೆರೆದಾಗ ತೆಳುವಾಗುವ ಮಿಶ್ರಣ ಈಗ ಉರಿಯಲಾರದಷ್ಟು ತೆಳುವಾಗುತ್ತದೆ. ಮುಗ್ಗರಿಸುವ ಗಾಡಿಯನ್ನು ಓಡಿಸಲು ಆಕ್ಸಿಲೇಟರ್ ಹೆಚ್ಚು ಹೆಚ್ಚು ತುಳಿಯಬೇಕಾಗುತ್ತದೆ, ಉಳಿತಾಯವೆಂದುಕೊಂಡದ್ದು ಅಲ್ಲೇ ಕರಗುತ್ತದೆ. ತೆಳು ಮಿಶ್ರಣ ಎಂಜಿನ್ನನ್ನು ಹೆಚ್ಚು ಕಾಯಿಸುತ್ತದೆ ಎಂಬುದು ಅದಕ್ಕಿಂತ ದೊಡ್ಡ ನಷ್ಟ. ಕಂಪನಿ ಹೇಳಿದ ಅಳತೆಯ ಜೆಟ್ಟಿಗೆ ಮರಳುವುದೇ ಇದಕ್ಕೆ ಮದ್ದು.

ಪೆಟ್ರೋಲ್ ಕಡೆ ತಪ್ಪಿಲ್ಲವೆಂದಾದರೆ ಕಿಡಿಯ ಕಡೆ ತಿರುಗಬೇಕು. ಐಡ್ಲಿಂಗಿನಲ್ಲಿ ಸಲೀಸಾಗಿ ಓಡುವ ಎಂಜಿನ್ ಭಾರ ಬಿದ್ದಾಗ ಮಾತ್ರ ಮಿಸ್ಸಿಂಗ್ ಹೊಡೆಯುವುದೇಕೆ ಎಂದು ಹಲವರು ಗೊಂದಲಕ್ಕೆ ಬೀಳುತ್ತಾರೆ. ಆಕ್ಸಿಲೇಟರ್ ಒತ್ತಿದಾಗ ಸಿಲಿಂಡರಿನೊಳಗೆ ಹೆಚ್ಚು ಗಾಳಿ ತುಂಬುತ್ತದೆ, ಒತ್ತಡ ಏರುತ್ತದೆ. ಒತ್ತಿ ಕೂತ ಗಾಳಿಯನ್ನು ಸೀಳಿ ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು. ದುರ್ಬಲ ಕಾಯಿಲ್, ಬಿರಿದ ಪ್ಲಗ್ ವೈರ್, ಸವೆದು ಗ್ಯಾಪ್ ಅಗಲವಾದ ಪ್ಲಗ್ ಐಡ್ಲಿಂಗಿನಲ್ಲಿ ಹೇಗೋ ನಿಭಾಯಿಸಿ ಇಲ್ಲಿ ಕೈಕೊಡುತ್ತವೆ. ಕಿಡಿ ಸುಲಭದ ದಾರಿ ಹುಡುಕಿ ವೈರಿನಿಂದಲೇ ಹೊರಗೆ ಹಾರುತ್ತದೆ. ರಾತ್ರಿ ದೀಪಗಳನ್ನೆಲ್ಲ ಆರಿಸಿ, ಬಾನೆಟ್ ಎತ್ತಿ ಎಂಜಿನ್ ಓಡಿಸಿ, ಒಬ್ಬರು ಆಕ್ಸಿಲೇಟರ್ ಒತ್ತುವಾಗ ಇನ್ನೊಬ್ಬರು ದೂರದಿಂದ ನೋಡಬೇಕು. ಸೋರುವ ವೈರಿನ ಉದ್ದಕ್ಕೂ ನೀಲಿ ಮಿಣುಕು ಕಾಣಿಸುತ್ತದೆ. ಇದಕ್ಕಿಂತ ಅಗ್ಗದ, ಇದಕ್ಕಿಂತ ಖಚಿತವಾದ ಪರೀಕ್ಷೆ ನನಗೆ ಗೊತ್ತಿಲ್ಲ.

ಬಿಚ್ಚಿದ ಪ್ಲಗ್ ಎಸೆಯುವ ಮುಂಚೆ ಅದರ ಬಣ್ಣ ನೋಡಿ. ತುದಿ ತಿಳಿ ಕಂದು ಇದ್ದರೆ ಎಂಜಿನ್ ಆರೋಗ್ಯವಾಗಿದೆ. ಒಣ ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚು ಅಥವಾ ಗಾಳಿ ಕಡಿಮೆ. ಸುಣ್ಣದ ಬಿಳುಪಿದ್ದರೆ ಮಿಶ್ರಣ ತೆಳು. ಜಿಡ್ಡು ಜಿಡ್ಡಾಗಿದ್ದರೆ ಆಯಿಲ್ ಮೇಲೇರುತ್ತಿದೆ. ಗ್ಯಾಪ್ ಹೆಚ್ಚಿನ ಹಳೆಯ ಗಾಡಿಗಳಲ್ಲಿ 0.6ರಿಂದ 0.8 ಮಿಲಿಮೀಟರಿನೊಳಗೆ ಇರುತ್ತದೆ, ಆಯಾ ಗಾಡಿಯ ಪುಸ್ತಕ ನೋಡಿ ಫೀಲರ್ ಗೇಜಿನಿಂದ ಅಳೆಯಬೇಕು. ಇನ್ನೂ ಹಳೆಯ ಕಾರು ಜೀಪುಗಳಲ್ಲಿ ಕಿಡಿ ಹಂಚುವ ಡೆಲ್ಕೊ (ಡಿಸ್ಟ್ರಿಬ್ಯೂಟರ್) ಇರುತ್ತದೆ. ಅದರ ಪಕ್ಕದ ವ್ಯಾಕ್ಯೂಮ್ ಡಬ್ಬಿಯ ಡಯಾಫ್ರಂ ಹರಿದರೆ ಆಕ್ಸಿಲೇಟರನ್ನು ಹಗುರವಾಗಿ ಒತ್ತಿ ಓಡಿಸುವಾಗ ಕಿಡಿ ಮುಂಚಿತವಾಗಿ ಬೀಳಬೇಕಾದ್ದು ತಡವಾಗಿ ಬೀಳುತ್ತದೆ. ಹಳೆಯ ಮೆಕ್ಯಾನಿಕ್ಕುಗಳು ಆ ಡಬ್ಬಿಯ ಪೈಪನ್ನು ಬಾಯಿಂದ ಹೀರಿ ಒಳಗಿನ ಪ್ಲೇಟ್ ಅಲುಗುತ್ತದೆಯೇ ಎಂದು ನೋಡುತ್ತಾರೆ. ಹೀರಿ ನಾಲಗೆ ಒತ್ತಿ ಹಿಡಿದಾಗ ಎಳೆತ ನಿಂತರೆ ಡಯಾಫ್ರಂ ಗಟ್ಟಿ, ಗಾಳಿ ಬರುತ್ತಲೇ ಇದ್ದರೆ ಹರಿದಿದೆ.

ಡೀಸೆಲ್ ಗಾಡಿಯ ಕತೆಯೇ ಬೇರೆ. ಅಲ್ಲಿ ಪ್ಲಗ್ ಇಲ್ಲ, ಕಿಡಿ ಇಲ್ಲ, ಬಹುಪಾಲು ಎಂಜಿನ್ನುಗಳಲ್ಲಿ ಗಾಳಿಗೆ ಬಾಗಿಲೂ ಇಲ್ಲ. ಆಕ್ಸಿಲೇಟರ್ ಒತ್ತಿದಾಗ ಹೆಚ್ಚುವುದು ಡೀಸೆಲ್ ಮಾತ್ರ. ಕರ್ನಾಟಕದವರಿಗೆ ಡೀಸೆಲ್ ಪಂಪಿನ ಮಾತು ಬಂದರೆ ಬೆಂಗಳೂರಿನ ಆಡುಗೋಡಿಯ ಮೈಕೋ ನೆನಪಾಗದೇ ಇರದು. 1951ರಲ್ಲಿ ಶುರುವಾಗಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡ ಈ ಕಂಪನಿಯ ಪಂಪು, ನಾಜಲ್ಲುಗಳು ದೇಶದ ಜೀಪು, ಲಾರಿ, ಟ್ರ್ಯಾಕ್ಟರುಗಳ ತುಂಬ ಇದ್ದವು. ಇವತ್ತಿಗೂ ಹಳ್ಳಿಯ ಗ್ಯಾರೇಜಿನಲ್ಲಿ ಪಂಪ್ ಎಂದರೆ ಮೈಕೋ ಪಂಪೇ.

ಡೀಸೆಲ್ ಗಾಡಿ ಎಳೆಯದಿದ್ದಾಗ ಮೊದಲು ಹಿಂದೆ ತಿರುಗಿ ಹೊಗೆ ನೋಡಬೇಕು. ಎಳೆತ ಇಲ್ಲ, ಕರಿಹೊಗೆ ದಟ್ಟವಾಗಿದೆ ಎಂದರೆ ಡೀಸೆಲ್ ಬರುತ್ತಿದೆ, ಅದನ್ನು ಉರಿಸಲು ಗಾಳಿ ಸಾಲುತ್ತಿಲ್ಲ, ಇಲ್ಲವೇ ನಾಜಲ್ ಸರಿಯಾಗಿ ಸಿಂಪಡಿಸುತ್ತಿಲ್ಲ. ಎಳೆತವೂ ಇಲ್ಲ, ಹೊಗೆಯೂ ಇಲ್ಲ ಎಂದರೆ ಡೀಸೆಲ್ಲೇ ಬರುತ್ತಿಲ್ಲ. ಈ ಎರಡು ವಾಕ್ಯ ನೆನಪಿಟ್ಟುಕೊಂಡರೆ ಗ್ಯಾರೇಜಿನಲ್ಲಿ ಅರ್ಧ ದಿನ ಉಳಿಯುತ್ತದೆ. ಬಿಳಿಹೊಗೆ ಅರೆ ಉರಿದ ಡೀಸೆಲ್ಲಿನದು, ನೀಲಿಹೊಗೆ ಆಯಿಲಿನದು.

ಕರಿಹೊಗೆಯಿದ್ದರೆ ಏರ್ ಫಿಲ್ಟರಿನಿಂದ ಶುರುಮಾಡಿ. ತೆಂಗಿನ ನಾರು ಬಿಡಿಸುವ ಕಾರ್ಖಾನೆಗಳ ಸುತ್ತಮುತ್ತ ಓಡಾಡುವ ಗಾಡಿಗಳ ಫಿಲ್ಟರಿನಲ್ಲಿ ನಾರಿನ ಪುಡಿ, ತೋಟದ ದಾರಿಯ ಮಣ್ಣು ಬೆರೆತು ಪದರ ಕಟ್ಟುತ್ತವೆ. ಚಿಕ್ಕನಾಯಕನಹಳ್ಳಿ ಕಡೆಯ ಗಣಿ ಸೀಮೆಯಲ್ಲಾದರೆ ಅದೇ ಪದರ ಕೆಂಪಗಿರುತ್ತದೆ. ಹಳೆಯ ಜೀಪು, ಟ್ರ್ಯಾಕ್ಟರುಗಳ ಆಯಿಲ್ ಬಾತ್ ಫಿಲ್ಟರಿನ ತಳದ ಬಟ್ಟಲಲ್ಲಿ ಆಯಿಲಿಗಿಂತ ಕೆಸರೇ ಹೆಚ್ಚು ಕೂತಿರುತ್ತದೆ. ಬರಿಗಾಡಿಯಲ್ಲಿ ಇದು ಗೊತ್ತಾಗುವುದಿಲ್ಲ. ಮೂಟೆ ಹೇರಿ ಮದಲಿಂಗನ ಕಣಿವೆಯಂಥ ಏರು ಹತ್ತುವಾಗ ಎಂಜಿನ್ ಪೂರ್ತಿ ಗಾಳಿ ಕೇಳುತ್ತದೆ, ಆಗ ಸಿಗುವುದಿಲ್ಲ.

ಹೊಗೆಯಿಲ್ಲದೆ ತಡೆಯುವ ಗಾಡಿಯಲ್ಲಿ ಟ್ಯಾಂಕಿನಿಂದ ಪಂಪಿನವರೆಗಿನ ದಾರಿಯನ್ನು ಹಿಡಿದು ಬರಬೇಕು. ಟ್ಯಾಂಕಿನ ಜಾಲರಿಗೆ ತುಕ್ಕು, ಕಸ ಕಟ್ಟಿರಬಹುದು. ಡೀಸೆಲ್ ಫಿಲ್ಟರ್ ತುಂಬಿರಬಹುದು. ಫಿಲ್ಟರಿನ ತಳದಲ್ಲಿ ನೀರು ಕೂತಿರಬಹುದು. ಇವೆಲ್ಲಕ್ಕಿಂತ ಸತಾಯಿಸುವುದು ಗಾಳಿ. ಪೈಪಿನ ಜಾಯಿಂಟ್ ಕೊಂಚ ಸಡಿಲವಾದರೂ ಪಂಪ್ ಎಳೆಯುವಾಗ ಡೀಸೆಲ್ ಹೊರಗೆ ಸೋರುವ ಬದಲು ಗಾಳಿ ಒಳಗೆ ಹೋಗುತ್ತದೆ. ಆದ್ದರಿಂದ ನೆಲದ ಮೇಲೆ ಒಂದು ತೊಟ್ಟೂ ಕಾಣದೆ ರೋಗ ಅಡಗಿರುತ್ತದೆ. ಫಿಲ್ಟರಿಗೂ ಪಂಪಿಗೂ ನಡುವೆ ಒಂದು ಗೇಣು ಪಾರದರ್ಶಕ ಪೈಪ್ ಹಾಕಿ ಎಂಜಿನ್ ಓಡಿಸಿದರೆ ಗುಳ್ಳೆಗಳು ಕಣ್ಣಿಗೆ ಕಾಣುತ್ತವೆ. ಆಮೇಲೆ ಒಂದೊಂದೇ ಜಾಯಿಂಟ್ ಬಿಗಿಮಾಡುತ್ತಾ ಬಂದು, ಯಾವುದರ ನಂತರ ಗುಳ್ಳೆ ನಿಂತಿತೋ ಅಲ್ಲಿಯ ವಾಷರ್ ಬದಲಿಸಬೇಕು. ಬರೀ ಕೈ ಪಂಪ್ ಹೊಡೆದು ಏರ್ ತೆಗೆದು ಕಳಿಸಿದರೆ ಮರುದಿನ ಗಾಡಿ ಮತ್ತೆ ಬರುತ್ತದೆ.

ನಾಲ್ಕು ಸಿಲಿಂಡರಿನಲ್ಲಿ ಯಾವುದು ಕೆಲಸ ಮಾಡುತ್ತಿಲ್ಲ ಎಂದು ತಿಳಿಯಲು ಹಳೆಯ ಮಾದರಿಯ ಪಂಪುಗಳಲ್ಲಿ ಒಂದೊಂದೇ ನಾಜಲ್ಲಿನ ನಟ್ ಸಡಿಲಿಸಿ ಕಿವಿಗೊಡುತ್ತಾರೆ. ಸಡಿಲಿಸಿದಾಗ ಎಂಜಿನ್ ಸದ್ದು ಕುಗ್ಗಬೇಕು. ಏನೂ ಬದಲಾಗದಿದ್ದರೆ ಆ ಸಿಲಿಂಡರ್ ಮೊದಲೇ ಮಲಗಿತ್ತು ಎಂದರ್ಥ. ಇದನ್ನು ಅನುಭವವಿದ್ದವರೇ ಮಾಡಬೇಕು. ಅಲ್ಲಿನ ಒತ್ತಡ ನೂರು ಬಾರ್ ಅನ್ನೂ ಮೀರಿದ್ದು, ಚಿಮ್ಮುವ ಡೀಸೆಲ್ ಚರ್ಮ ಸೀಳಿ ಒಳಹೋಗಬಲ್ಲದು. ಕಾಮನ್ ರೈಲ್ ಇರುವ ಈಚಿನ ಗಾಡಿಗಳಲ್ಲಿ ಒತ್ತಡ ಇನ್ನೂ ಹಲವು ಪಟ್ಟು, ಅಲ್ಲಿ ಈ ಪರೀಕ್ಷೆಗೆ ಕೈ ಹಾಕಲೇಬಾರದು. ಮೆಟಡೋರ್ ಕಾಲದ ಕೆಲವು ಎಂಜಿನ್ನುಗಳ ಪಂಪಿನಲ್ಲಿ ಗಾಳಿಯ ಎಳೆತದಿಂದ ನಡೆಯುವ ಗವರ್ನರ್ ಇದ್ದು, ಅದರೊಳಗೆ ಚರ್ಮದ ಡಯಾಫ್ರಂ ಇರುತ್ತದೆ. ಅದು ಒಣಗಿ ಬಿರಿದರೆ ಎಂಜಿನ್ ತಾನಾಗಿಯೇ ಏರುತ್ತಾ ಇಳಿಯುತ್ತಾ ಅಲೆಯುತ್ತದೆ. ಈ ಸಣ್ಣ ಚರ್ಮದ ತುಂಡನ್ನು ಮರೆತು ಇಡೀ ಪಂಪನ್ನೇ ಓವರಾಲ್ ಮಾಡಿಸುವುದು ದುಂದು.

ಪೆಟ್ರೋಲಿಗೂ ಡೀಸೆಲ್ಲಿಗೂ ಸಮಾನವಾದ ಒಂದು ಕಾರಣ ಟ್ಯಾಂಕಿನ ಮುಚ್ಚಳದಲ್ಲಿದೆ. ಇಂಧನ ಖಾಲಿಯಾದಂತೆ ಗಾಳಿ ಒಳಬರಲು ಅಲ್ಲಿ ಸಣ್ಣ ರಂಧ್ರವಿರುತ್ತದೆ. ದೂಳಿನಿಂದ ಅದು ಮುಚ್ಚಿಕೊಂಡರೆ ಅಥವಾ ಮಳೆನೀರು ಹೋಗದಿರಲೆಂದು ಮುಚ್ಚಳಕ್ಕೆ ಪ್ಲಾಸ್ಟಿಕ್ ಕವರ್ ಬಿಗಿದರೆ, ಕೆಲವು ಕಿಲೋಮೀಟರ್ ಚೆನ್ನಾಗಿ ಓಡಿದ ಗಾಡಿ ಆಮೇಲೆ ಬಾಯಾರಿ ತಡೆಯುತ್ತದೆ. ಆಗ ಮುಚ್ಚಳ ತೆರೆದರೆ ಬುಸ್ಸೆಂದು ಗಾಳಿ ಒಳನುಗ್ಗುವ ಸದ್ದು ಬರುತ್ತದೆ, ಗಾಡಿ ಮತ್ತೆ ಓಡುತ್ತದೆ. ಏಪ್ರಿಲ್, ಮೇ ಬಿಸಿಲಲ್ಲಿ ಮಾತ್ರ ಕಾಡುವುದಾದರೆ ಪೆಟ್ರೋಲ್ ಪೈಪಿನಲ್ಲೇ ಆವಿಯಾಗುತ್ತಿದೆ. ಅಂಬಾಸಿಡರ್ ಓಡಿಸುತ್ತಿದ್ದವರು ಫ್ಯೂಯಲ್ ಪಂಪಿಗೆ ಒದ್ದೆ ಬಟ್ಟೆ ಸುತ್ತುತ್ತಿದ್ದದ್ದು ಇದಕ್ಕೇ. ಅದು ದಾರಿಯ ಮಧ್ಯದ ಉಪಾಯ. ಸೈಲೆನ್ಸರಿನ ಕಾವಿನಿಂದ ಪೈಪನ್ನು ದೂರ ಸರಿಸಿ ಕಟ್ಟುವುದು ನಿಜವಾದ ರಿಪೇರಿ.

ಈಚಿನ ವರ್ಷಗಳಲ್ಲಿ ಹಳೆಯ ಪೆಟ್ರೋಲ್ ಗಾಡಿಗಳ ಮಾಲೀಕರು ಕೇಳುವ ಹೊಸ ಪ್ರಶ್ನೆ ಎಥನಾಲಿನದು. 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲೇ ಪ್ರಧಾನಿ ನರೇಂದ್ರ ಮೋದಿ ಅವರು ಶೇ 20ರಷ್ಟು ಎಥನಾಲ್ ಬೆರೆತ ಇ20 ಪೆಟ್ರೋಲಿಗೆ ಚಾಲನೆ ಕೊಟ್ಟರು. ಈಗ ಬಹುತೇಕ ಬಂಕುಗಳಲ್ಲಿ ಸಿಗುವುದು ಅದೇ. ಎಥನಾಲ್ ತನ್ನಲ್ಲೇ ಆಮ್ಲಜನಕ ಹೊತ್ತಿರುವುದರಿಂದ ಅದು ಉರಿಯಲು ಗಾಳಿ ಕಡಿಮೆ ಸಾಕು. ಇ20ರಲ್ಲಿ ಒಂದು ಪಾಲು ಇಂಧನಕ್ಕೆ ಸುಮಾರು 13.5 ಪಾಲು ಗಾಳಿ. ಹಳೆಯ ಕಾರ್ಬೊರೇಟರಿಗೆ ಈ ಬದಲಾವಣೆ ತಿಳಿಯದು, ಅದೇ ಜೆಟ್ಟಿನಿಂದ ಅಷ್ಟೇ ಇಂಧನ ಕೊಡುತ್ತದೆ. ಮಿಶ್ರಣ ಮತ್ತಷ್ಟು ತೆಳುವಾಗುತ್ತದೆ. ಮೈಲೇಜಿಗಾಗಿ ಮೊದಲೇ ತೆಳು ಮಾಡಿದ್ದ ಗಾಡಿ ಇಲ್ಲಿ ನೇರವಾಗಿ ಮುಗ್ಗರಿಸತೊಡಗುತ್ತದೆ. ನೀತಿ ಆಯೋಗದ ಮೂಲಕ 2021ರಲ್ಲಿ ಹೊರಬಂದ ತಜ್ಞರ ಸಮಿತಿಯ ವರದಿಯೇ, ಎಥನಾಲ್ ಇಲ್ಲದ ಪೆಟ್ರೋಲಿಗೆ ವಿನ್ಯಾಸಗೊಂಡು ಇ10ಕ್ಕೆ ಹೊಂದಿಸಿದ ನಾಲ್ಕು ಚಕ್ರದ ವಾಹನಗಳ ಇಂಧನ ದಕ್ಷತೆ ಇ20ರಿಂದ ಶೇ 6–7ರಷ್ಟು, ಅಂಥದೇ ದ್ವಿಚಕ್ರ ವಾಹನಗಳದ್ದು ಶೇ 3–4ರಷ್ಟು ಕುಗ್ಗಬಹುದು ಎಂದು ಅಂದಾಜಿಸಿತ್ತು.

ಮಿಶ್ರಣದ ಲೆಕ್ಕಕ್ಕಿಂತ ತೆಂಗಿನ ಸೀಮೆಯ ನಿಂತ ಗಾಡಿಗಳಿಗೆ ಹೆಚ್ಚು ಕಾಡುವುದು ಎಥನಾಲಿನ ಇನ್ನೊಂದು ಗುಣ: ಅದು ನೀರನ್ನು ಹೀರುತ್ತದೆ. ಅರ್ಧ ಖಾಲಿ ಟ್ಯಾಂಕಿನೊಂದಿಗೆ ಮಳೆಗಾಲವಿಡೀ ಕೊಟ್ಟಿಗೆಯಲ್ಲಿ ನಿಂತ ಗಾಡಿಯ ಪೆಟ್ರೋಲ್ ತೇವ ಹೀರುತ್ತಾ ಹೋಗಿ, ಮಿತಿ ಮೀರಿದಾಗ ನೀರು ಮತ್ತು ಎಥನಾಲ್ ಕೂಡಿ ಬೇರೆ ಪದರವಾಗಿ ತಳಕ್ಕೆ ಇಳಿಯುತ್ತದೆ. ಎಂಜಿನ್ ಎಳೆದುಕೊಳ್ಳುವುದು ತಳದಿಂದಲೇ. ಅನುಮಾನವಿದ್ದರೆ ಕಾರ್ಬೊರೇಟರಿನ ತಳದ ಸ್ಕ್ರೂ ಬಿಚ್ಚಿ ಒಂದಿಷ್ಟು ಪೆಟ್ರೋಲನ್ನು ಗಾಜಿನ ಸೀಸೆಗೆ ಹಿಡಿದು ಅಲುಗಿಸದೆ ಇಡಿ. ತಳದಲ್ಲಿ ಬೇರೆ ಪದರವೋ ಮಬ್ಬೋ ಕಂಡರೆ ಟ್ಯಾಂಕ್ ಖಾಲಿ ಮಾಡಿಸಿ ತೊಳೆಸಲೇಬೇಕು. ಹಳೆಯ ರಬ್ಬರ್ ಪೈಪು, ಡಯಾಫ್ರಂ, ಕಾರ್ಕ್ ಪ್ಯಾಕಿಂಗುಗಳನ್ನು ಎಥನಾಲ್ ಉಬ್ಬಿಸುತ್ತದೆ, ಮೆತ್ತಗಾಗಿಸುತ್ತದೆ. ಟ್ಯಾಂಕಿನ ಗೋಡೆಗೆ ವರ್ಷಗಳಿಂದ ಅಂಟಿದ ಕೊಳೆಯನ್ನು ಬಿಡಿಸಿ ಫಿಲ್ಟರಿಗೆ ತಂದು ಸುರಿಯುತ್ತದೆ. ಆದ್ದರಿಂದ ಹಳೆಯ ಗಾಡಿ ಇಟ್ಟುಕೊಂಡವರು ಎಥನಾಲ್ ತಡೆಯುವ ಪೈಪು ಹಾಕಿಸಿ, ಪೆಟ್ರೋಲ್ ಫಿಲ್ಟರ್ ಬೇಗ ಬೇಗ ಬದಲಿಸಿ, ಅಗತ್ಯ ಕಂಡರೆ ಒಂದು ಅಳತೆ ದೊಡ್ಡ ಜೆಟ್ ಹಾಕಿಸುವುದು ವಿವೇಕ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಕಾರ್ಬೊರೇಟರನ್ನು ಪೂರ್ತಿ ಖಾಲಿ ಮಾಡಿ ನಿಲ್ಲಿಸಬೇಕು. ನೀತಿ ರೂಪಿಸುವವರು ಹೊಸ ಗಾಡಿಗಳ ಕಡೆ ನೋಡಿದಷ್ಟೇ ಆಸ್ಥೆಯಿಂದ, ಈಗಾಗಲೇ ರಸ್ತೆಯಲ್ಲಿರುವ ಹಳೆಯ ಬೈಕು, ಓಮ್ನಿಗಳಿಗೆ ಯಾವ ಭಾಗ ಬದಲಿಸಬೇಕು ಎಂಬುದನ್ನು ಹಳ್ಳಿಯ ಮೆಕ್ಯಾನಿಕ್ಕುಗಳಿಗೆ ಕನ್ನಡದಲ್ಲಿ ಮುದ್ರಿಸಿ ಕೊಡಬೇಕಿತ್ತು ಎಂದು ನನಗೆ ಬಲವಾಗಿ ಅನಿಸುತ್ತದೆ.

ಕಾರ್ಬೊರೇಟರ್ ಹೋಗಿ, ಕಂಪ್ಯೂಟರ್ ಲೆಕ್ಕದಂತೆ ಪೆಟ್ರೋಲ್ ಚಿಮ್ಮಿಸುವ ಎಂಪಿಎಫ್‌ಐ ಬಂದ ಗಾಡಿಗಳೂ ಈಗ ಹಳೆಯವಾಗಿವೆ. ಅಲ್ಲಿ ಆಕ್ಸಿಲೇಟರ್ ಎಷ್ಟು ಒತ್ತಿದೆ ಎಂದು ಕಂಪ್ಯೂಟರಿಗೆ ತಿಳಿಸುವ ಸೆನ್ಸರ್ ಸವೆದರೆ, ಥ್ರಾಟಲ್ ಬಾಡಿಯಲ್ಲಿ ಕರಿ ಕಟ್ಟಿದರೆ, ಟ್ಯಾಂಕಿನೊಳಗಿನ ಪಂಪಿನ ಒತ್ತಡ ಕುಸಿದರೆ ಇದೇ ತಡೆ ಬರುತ್ತದೆ. ಸ್ಕ್ಯಾನರ್ ಹಾಕಿದರೆ ಒಂದು ಕೋಡ್ ಸಿಗುತ್ತದೆ. ಆ ಕೋಡ್ ತೋರಿಸುವುದು ಎಲ್ಲಿ ಲೆಕ್ಕ ತಪ್ಪಿದೆ ಎಂಬುದನ್ನು, ಯಾವ ಭಾಗ ಕೆಟ್ಟಿದೆ ಎಂಬುದನ್ನಲ್ಲ. ಇಲಿ ಕಡಿದ ವೈರ್ ಕೂಡ ಸೆನ್ಸರ್ ಕೆಟ್ಟಿದೆ ಎಂದೇ ತೋರಿಸುತ್ತದೆ. ಸಾವಿರಾರು ರೂಪಾಯಿಯ ಸೆನ್ಸರ್ ತರಿಸುವ ಮುಂಚೆ ಅದರ ಸಾಕೆಟ್ ಬಿಚ್ಚಿ, ಒರೆಸಿ, ವೈರ್ ಎಳೆದು ನೋಡಲು ಹತ್ತು ನಿಮಿಷ ಸಾಕು.

ಗಾಳಿ, ಇಂಧನ, ಕಿಡಿ ಮೂರೂ ಸರಿಯಿದ್ದು, ಹೊಗೆ ಹೋಗುವ ದಾರಿಯೂ ತೆರೆದಿದ್ದು, ಭಾರ ಬಿದ್ದಾಗ ಗಾಡಿ ಇನ್ನೂ ಸೋಲುತ್ತಿದ್ದರೆ ಎಂಜಿನ್ನಿನ ಒಳಗನ್ನು ನೋಡುವ ಹೊತ್ತು ಬಂತು. ಆಗಲೂ ಮೊದಲ ಕೆಲಸ ಬಿಚ್ಚುವುದಲ್ಲ, ಕಂಪ್ರೆಷನ್ ಗೇಜ್ ಹಾಕಿ ಅಳೆಯುವುದು. ಮಾರುತಿ 800ರಂಥ ಎಂಜಿನ್ನಿನಲ್ಲಿ ಸಿಲಿಂಡರಿನಿಂದ ಸಿಲಿಂಡರಿಗೆ ಚದರ ಸೆಂಟಿಮೀಟರಿಗೆ ಒಂದು ಕಿಲೋಗ್ರಾಂಗಿಂತ ಹೆಚ್ಚು ವ್ಯತ್ಯಾಸ ಬಂದರೆ ಏನೋ ಸವೆದಿದೆ. ಕಡಿಮೆ ಬಂದ ಸಿಲಿಂಡರಿಗೆ ಪ್ಲಗ್ ತೂತಿನಿಂದ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಬೇಕು. ಮುಳ್ಳು ಮೇಲೇರಿದರೆ ಆಯಿಲ್ ತುಂಬಿದ್ದು ರಿಂಗು, ಬೋರಿನ ಸಂದನ್ನು. ಏರದಿದ್ದರೆ ವಾಲ್ವ್ ಕೂರುತ್ತಿಲ್ಲ. ಪಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಕಡಿಮೆ ತೋರಿಸಿದರೆ ನಡುವೆ ಹೆಡ್ ಗ್ಯಾಸ್ಕೆಟ್ ಹೋಗಿದೆ. ವಾಲ್ವ್ ಎಂದಾದರೆ ಹೆಡ್ ಬಿಚ್ಚುವ ಮುಂಚೆ ಟ್ಯಾಪೆಟ್ ಗ್ಯಾಪ್ ಒಮ್ಮೆ ಹೊಂದಿಸಿ ಮತ್ತೆ ಅಳೆಯಿರಿ. ಬಿಗಿಯಾದ ಟ್ಯಾಪೆಟ್ ವಾಲ್ವನ್ನು ಪೂರ್ತಿ ಮುಚ್ಚಲು ಬಿಡುವುದಿಲ್ಲ, ಹಲವು ಗಾಡಿಗಳಿಗೆ ಅಷ್ಟೇ ಸಾಕಾಗುತ್ತದೆ. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲ್ 1ರಂದು ₹600ರಿಂದ ₹5,000ಕ್ಕೆ ಏರಿತು. ಈಗಿನ ಶುಲ್ಕವನ್ನೂ ಸೇರಿಸಿ ಲೆಕ್ಕ ಹಾಕಿದ ಮೇಲೆ, ಬೋರ್ ಮಾಡಿಸಿ ರಿಂಗ್ ಹಾಕಿಸುವುದೋ ಗಾಡಿಯನ್ನೇ ಮಾರುವುದೋ ಎಂದು ಗೇಜಿನ ಅಂಕಿಗಳನ್ನು ಕೈಯಲ್ಲಿಟ್ಟುಕೊಂಡು ಮೇಸ್ತ್ರಿಯ ಜೊತೆ ಕೂತು ಮಾತಾಡಬಹುದು.